ಶಾಲು, ಹಣ್ಣಿನ ಬುಟ್ಟಿ ಸಂತೋಷ, ಆದರೆ ಫೀಸು ಮೊದಲೇ ಹೇಳಿ

ಅಕ್ಕಂದಿರೇ, ಮಾರ್ಚ್ 8ರ ಮಹಿಳಾ ದಿನ ಹತ್ತಿರ ಬಂದರೆ ನಮಗೆಲ್ಲ ಫೋನ್ ಬರುತ್ತದೆ, ಅಲ್ವಾ? "ಮೇಡಂ, ಒಂದರ್ಧ ಗಂಟೆ ಬಂದು ಮಾತಾಡಿ." ಹೋದ ವರ್ಷ ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಮಕ್ಕಳ ಆಹಾರದ ಬಗ್ಗೆ ತರಬೇತಿ ಕೊಟ್ಟೆ. ತಯಾರಿಗೆ ಎರಡು ರಾತ್ರಿ, ಓಡಾಟ ಸೇರಿ ಇಡೀ ಒಂದು ದಿನ. ಕೈಗೆ ಬಂದದ್ದು ಶಾಲು, ಹಣ್ಣಿನ ಬುಟ್ಟಿ. ಅದೇ ವೇದಿಕೆಯಲ್ಲಿ ಮಾತಾಡಿದ ಗಂಡಸರಿಗೆ ಕವರ್ ಕೊಟ್ಟರು. ತುಂಬಾ ನೋವಾಯಿತು.

ಆಮೇಲೆ ನಾನು ಫೋನಿನಲ್ಲೇ ಹೂಂ ಅನ್ನುವುದು ಬಿಟ್ಟೆ. "ವಿವರ ವಾಟ್ಸಾಪ್ ಮಾಡಿ, ಫೀಸು ತಿಳಿಸುತ್ತೇನೆ" ಎನ್ನುತ್ತೇನೆ. ತಯಾರಿಯ ಗಂಟೆ, ಓಡಾಟದ ಗಂಟೆ, ಗಾಡಿ ಖರ್ಚು ಬೇರೆ ಬೇರೆ ಬರೆಯುತ್ತೇನೆ. ಹಾಗೆ ಬರೆದರೆ ಚೌಕಾಸಿ ಕಡಿಮೆ. ಅರ್ಧ ಹಣ ಮುಂಗಡ.

ಇನ್ನೊಂದು ಮುಖ್ಯ ವಿಷಯ. ಸ್ವಂತ ಕೆಲಸ ಮಾಡುವವರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಕೊಳ್ಳಿ. ಸರ್ಕಾರಿ ಪೋರ್ಟಲ್‌ನಲ್ಲಿ ಇದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. 2006ರ ಎಂಎಸ್‌ಎಂಇಡಿ ಕಾಯ್ದೆಯ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಪ್ರಕಾರ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ, ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ದರೂ, ಮುಗಿಸಿಕೊಟ್ಟ ಕೆಲಸವನ್ನು ಒಪ್ಪಿಕೊಂಡ 45 ದಿನದೊಳಗೆ ಕೆಲಸ ಮಾಡಿಸಿಕೊಂಡವರು ಹಣ ಕೊಡಬೇಕು. ತಡವಾದರೆ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ದರದ 3 ಪಟ್ಟು ಬಡ್ಡಿ. ಹಾಗಾಗಿ ಬಿಲ್ಲಿನಲ್ಲಿ ಉದ್ಯಮ್ ನಂಬರ್ ಹಾಕುವುದನ್ನು ಮರೆಯಬೇಡಿ.

ನಮ್ಮೂರ ಸರ್ಕಾರಿ ಶಾಲೆಗೆ ನಾನು ಈಗಲೂ ಹಣ ಪಡೆಯದೆ ಹೋಗುತ್ತೇನೆ. ಅದು ನನ್ನ ಇಷ್ಟ. ಆದರೆ ಟಿಕೆಟ್ ಇಟ್ಟು, ಪ್ರಾಯೋಜಕರನ್ನು ಹಿಡಿದು ಮಾಡುವ ಕಾರ್ಯಕ್ರಮಕ್ಕೆ ಸುಮ್ನೆ ಯಾಕೆ ಹೋಗಬೇಕು?

ನನ್ನ ಫೀಸಿನ ಮೆಸೇಜ್ ಮಾದರಿ ಬೇಕಾದವರು ಕೇಳಿ, ಕಳಿಸುತ್ತೇನೆ.