ಬುಲೇರಿಯಾನ ಪ್ರಾಗ್ ರಾಕ್ ಒಳಗೆ ಕೂರಿಸಿ ಎಲ್‌ಪಿ ಮಾಡಿದ್ದು: ನನ್ನ ಅನುಭವ

ತಕಿಟ ತಕಿಟ ತಕ ತಕ ತಕ. ಇಷ್ಟನ್ನ ನಮ್ಮ ಡ್ರಮ್ಮರ್ ಬಾಯಲ್ಲಿ ಹೇಳಿಸೋಕೆ ನಂಗೆ ನಾಲ್ಕು ತಿಂಗಳು ಹಿಡೀತು, ಅದು ಬಂದ್ಮೇಲೆ ಎರಡು ವರ್ಷದಿಂದ ನಿಂತೋಗಿದ್ದ ನಮ್ಮ ಪ್ರಾಗ್ ರಾಕ್ (ಉದ್ದುದ್ದ ಹಾಡು, ತಿರುವು ಮುರುವು ಲಯದ ಪ್ರೊಗ್ರೆಸಿವ್ ರಾಕ್) ಆಲ್ಬಂ ಒಂದೇ ವಾರದಲ್ಲಿ ಎದ್ದು ನಿಲ್ತು. ಬುಲೇರಿಯಾ ಅಂದ್ರೆ ದಕ್ಷಿಣ ಸ್ಪೇನಿನ ಫ್ಲಮೆಂಕೊ ಸಂಗೀತದ ಒಂದು ವೇಗದ ಪ್ರಕಾರ, ಅದರ ತಾಳ 12 ಎಣಿಕೆದು, 12ರಿಂದ ಶುರು ಮಾಡಿದ್ರೆ ಒತ್ತು ಬೀಳೋದು 12, 3, 6, 8, 10ರ ಮೇಲೆ. ಅಂದ್ರೆ ಮೂರು ಮೂರು ಎರಡು ಎರಡು ಎರಡು, ತಕಿಟ ಮೂರು, ತಕ ಎರಡು. ಚಿಕ್ಕೋನಿದ್ದಾಗ ಮೈಸೂರಲ್ಲಿ ಮೂರು ವರ್ಷ ಮೃದಂಗ ಕಲಿತಿದ್ದಕ್ಕೆ ಇದು ನಂಗೆ ಥಟ್ ಅಂತ ಹೊಳೀತು, ಆದ್ರೆ ಡ್ರಮ್ಮರ್ ಉತ್ತರ ಸ್ಪೇನಿನ ಬಿಲ್ಬಾವೊ ಕಡೆಯೋನು, ಪಕ್ಕಾ ರಾಕ್ ಕೈ, 12 ಕಂಡ್ರೆ ನಾಲ್ಕು ಮೂರ್ಲಿ ಅಂತಾನೇ ಹಿಡೀತಿದ್ದ.

ನಾನು ಕೆಲಸದ ಮೇಲೆ ದಕ್ಷಿಣ ಸ್ಪೇನಿನ ಸೆವಿಲ್‌ಗೆ ಬಂದು ಒಂಬತ್ತು ವರ್ಷ ಆಯ್ತು. 1975ರಲ್ಲಿ ಬಂದ ತ್ರಿಯಾನಾ ಬ್ಯಾಂಡಿನ ‘ಎಲ್ ಪಾತಿಯೊ’ ಆಲ್ಬಂ ಇದೇ ಊರಿನ ಹುಡುಗರದ್ದು, ಮೊದಲನೇ ಹಾಡೇ ಹತ್ತಿರ ಹತ್ತಿರ 10 ನಿಮಿಷ. ಅದಕ್ಕೂ ಎರಡು ವರ್ಷ ಮುಂಚೆ, 1973ರಲ್ಲಿ, ಲಾಸ್ ಏಂಜಲೀಸ್‌ನಿಂದ ಲಂಡನ್‌ಗೆ ಹೋಗಿ ನೆಲೆಸಿದ ಕಾರ್ಮೆನ್ ಬ್ಯಾಂಡ್ ‘ಫಂಡಾಂಗೋಸ್ ಇನ್ ಸ್ಪೇಸ್’ ಮಾಡ್ತು, ಟೋನಿ ವಿಸ್ಕಾಂಟಿ ಪ್ರೊಡ್ಯೂಸ್ ಮಾಡಿದ್ದು. ಫ್ಲಮೆಂಕೊನ ರಾಕ್‌ಗೆ ಬೆರೆಸಿದ ಇವೆರಡೂ ಎಲ್‌ಪಿ ತಟ್ಟೆ ನನ್ನತ್ರ ಇವೆ, ತೇದು ತೇದು ಕೇಳಿದೀನಿ. ಹಂಗೇ ಒಂದು ಮಾಡ್ಬೇಕು, ತಟ್ಟೆ ಮೇಲೇ ಬರ್ಬೇಕು ಅಂದಾಗ ನಮ್ ಬ್ಯಾಂಡಲ್ಲಿ ಒಬ್ರೂ ಒಪ್ಲಿಲ್ಲ, ಅದು ಆ ಕಾಲಕ್ಕೇ ಮುಗಿದ ಕಥೆ ಅಂದ್ರು.

ಮೊದಲನೇ ವರ್ಷ ಪೂರ್ತಿ ದಂಡ. ಎಲ್ರೂ ಮಾಡೋ ತಪ್ಪನ್ನೇ ಮಾಡಿದ್ವಿ, ಕೆಳಗೆ ರಾಕ್ ಡ್ರಮ್ಸ್, ಮೇಲೆ ಫ್ಲಮೆಂಕೊ ಗಿಟಾರ್, ಪಕ್ಕಕ್ಕೆ ಒಂದು ಕಹೋನ್ (ಮೇಲೆ ಕೂತು ಕೈಯಲ್ಲಿ ಬಡಿಯೋ ಮರದ ಡಬ್ಬ). ಕೇಳಿದ್ರೆ ಟೂರಿಸ್ಟ್ ಹೋಟೆಲ್ ಮ್ಯೂಸಿಕ್. ಯಾಕೆ ಅಂತ ತಲೆ ಕೆಡಿಸ್ಕೊಂಡು ಹಳೇ ತಟ್ಟೆಗಳನ್ನ ಮತ್ತೆ ಹಾಕಿ ಕೇಳಿದಾಗ ಗೊತ್ತಾಯ್ತು, ಅದ್ರಲ್ಲಿ ಕಹೋನೇ ಇಲ್ಲ! ಇರೋಕೂ ಸಾಧ್ಯ ಇಲ್ಲ, ಫ್ಲಮೆಂಕೊ ಗಿಟಾರಿಸ್ಟ್ ಪಾಕೊ ದೆ ಲುಸಿಯಾ ಅದನ್ನ ಪೆರುವಿನಿಂದ ತಂದು ಫ್ಲಮೆಂಕೊಗೆ ಸೇರಿಸಿದ್ದೇ 70ರ ದಶಕದ ಕೊನೇಲಿ. ಆ ಕಾಲದ ಸೌಂಡ್ ಬೇಕಂದ್ರೆ ಚಪ್ಪಾಳೆ ಮತ್ತೆ ಡಾನ್ಸರ್ ಕಾಲಿನ ಸದ್ದು, ಅಷ್ಟೇ. ಅವತ್ತೇ ಕಹೋನ್ ಮಾರ್ಬಿಟ್ಟೆ, 90 ಯೂರೋ ಬಂತು.

ಆಮೇಲೆ ಕ್ಲಿಕ್ ಟ್ರ್ಯಾಕ್, ಅಂದ್ರೆ ರೆಕಾರ್ಡ್ ಮಾಡುವಾಗ ಒಂದೇ ವೇಗದಲ್ಲಿ ಕಿವಿಗೆ ಬೀಳೋ ಟಿಕ್ ಟಿಕ್. ದಿನಕ್ಕೆ 180 ಯೂರೋ ಹಂಗೆ ಆರು ದಿನ ಸ್ಟುಡಿಯೋ ಹಿಡಿದು ಕ್ಲಿಕ್ ಮೇಲೆ ಎಲ್ಲಾ ನುಡಿಸಿದ್ವಿ, ಒಂದು ಟೇಕೂ ಉಳಿಸ್ಕೊಳ್ಳೋ ಹಂಗಿರಲಿಲ್ಲ. ಬುಲೇರಿಯಾ ಉಸಿರಾಡ್ಬೇಕು, ಡಾನ್ಸರ್ ಕಾಲು ಬಿಗಿ ಮಾಡ್ತಾ ಹೋದಂಗೆ ವೇಗ ತಾನಾಗೇ ಏರತ್ತೆ, ಕ್ಲಿಕ್ ಹಾಕಿದ್ರೆ ಅವಳ ಕಾಲಿಗೆ ಸರಪಳಿ ಹಾಕ್ದಂಗೆ. ಅದಕ್ಕೆ ಕ್ರಮಾನೇ ತಿರುಗಿಸಿದೆ. ಮೊದ್ಲು ಕಾಲು ಮತ್ತೆ ಚಪ್ಪಾಳೆ ಒಟ್ಟಿಗೆ ರೆಕಾರ್ಡ್, ಅದರ ಮೇಲೆ ಬಾಸ್, ಆಮೇಲೆ ಡ್ರಮ್ಸ್, ಗಿಟಾರ್ ಎಲ್ಲಕ್ಕಿಂತ ಕೊನೆಗೆ. ಡ್ರಮ್ಮರ್ ಮೂರು ದಿನ ಮಾತು ಬಿಟ್ಟಿದ್ದ. ನಾನು ಬಗ್ಗಲಿಲ್ಲ, ತಕಿಟ ತಕಿಟ ಬಾಯಲ್ಲಿ ಬರೋವರೆಗೂ ಕೋಲು ಮುಟ್ಬೇಡ ಅಂದೆ.

ಕಾಲಿನ ಹಲಗೆ ವಿಷಯ ಸ್ವಲ್ಪ ಹೇಳ್ಬೇಕು. ಕಾರ್ಮೆನ್‌ನೋರು ಸ್ಟೇಜಿನ ನೆಲಕ್ಕೇ ಮೈಕ್ ಹಾಕ್ತಿದ್ರು. ನಾನು 18 ಮಿಲಿಮೀಟರ್ ಬರ್ಚ್ ಪ್ಲೈವುಡ್ ತಂದೆ, ನಾಲ್ಕಡಿಗೆ ನಾಲ್ಕಡಿ, 45 ಯೂರೋನೋ ಏನೋ. ಸಿಮೆಂಟ್ ನೆಲದ ಮೇಲೆ ಇಟ್ರೆ ಬರೀ ಟಪ್ ಟಪ್, ಜೀವ ಇಲ್ಲ. ಕೆಳಗೆ ರೀಪರ್ ಹೊಡೆದು ಎತ್ತರಿಸಿದ್ರೆ ಹಿಮ್ಮಡಿ ಬಿದ್ದಾಗೆಲ್ಲ ಡಬ್ಬದ ತರ ಗುಂಯ್ ಅನ್ನತ್ತೆ, ಪಾದದ ಮುಂಭಾಗದ ಸದ್ದು ಕೇಳೋದೇ ಇಲ್ಲ. ಆ ಸಂದಿಗೆ ಏನು ತುಂಬಿದೆ, ಎಷ್ಟು ತುಂಬಿದೆ ಅನ್ನೋದನ್ನ ಮಾತ್ರ ನಾನು ಬಿಟ್ಟುಕೊಡಲ್ಲ, ಅದು ಆರು ತಿಂಗಳ ದುಡಿಮೆ. ಮೈಕ್ ಕೆಳಗಡೆಯಿಂದ, ಹಿಮ್ಮಡಿ ಬೀಳೋ ಜಾಗದಿಂದ ಒಂದು ಗೇಣು ಆಚೆಗೆ, ಅಷ್ಟು ಹೇಳ್ತೀನಿ.

ಕೀಬೋರ್ಡಿನೋನ ಜೊತೆ ಇನ್ನೊಂದು ಜಗಳ. ಎ ಮೈನರ್, ಜಿ, ಎಫ್, ಇ ಅಂತ ಇಳಿಯೋ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗುಚ್ಛ) ಫ್ಲಮೆಂಕೊದಲ್ಲಿ ಮಾಮೂಲು. ಅವನು ಶುರುವಿಂದ ಕೊನೇವರೆಗೂ ಜಿ ಶಾರ್ಪ್ ಹಿಡ್ಕೊಂಡಿದ್ದ, ಅರೇಬಿಯನ್ ಸಿನಿಮಾ ಆಗೋಯ್ತು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಬರೀ ವಕುಳಾಭರಣ ರಾಗ. ಫ್ಲಮೆಂಕೊ ಕಿವಿಗೆ ಅದು ಹನುಮತೋಡಿ ಮತ್ತೆ ವಕುಳಾಭರಣದ ಮಧ್ಯೆ ಓಡಾಡ್ತಾ ಇರ್ಬೇಕು, ಬೇರೆ ಕಾರ್ಡ್‌ಗಳ ಮೇಲೆ ಸಾದಾ ಜಿ, ಇ ಮೇಲೆ ಬಂದು ಕೂತಾಗ ಮಾತ್ರ ಜಿ ಶಾರ್ಪ್. ಇದೊಂದು ಸರಿ ಮಾಡಿದ ತಕ್ಷಣ ಆರ್ಗನ್‌ಗೆ ಆಂದಲೂಸಿಯಾದ (ಫ್ಲಮೆಂಕೊ ಸೀಮೆಯ) ಸೊಗಡು ಬಂತು. ಮಧ್ಯೆ ಘಟಂ ಪ್ರಯತ್ನ ಮಾಡ್ದೆ, ಚಪ್ಪಾಳೆ ಜೊತೆ ಹೊಡೆದಾಡತ್ತೆ, ತೆಗೆದೆ. ಮೋರ್ಸಿಂಗ್‌ನ ಸಿಂಥ್ ಕೆಳಗೆ ಇಪ್ಪತ್ತು ಸೆಕೆಂಡ್ ಇಟ್ಟೆ, ಅದು ಚೆನ್ನಾಗಿ ಕೂತಿದೆ, ಎರಡನೇ ಸೈಡಲ್ಲಿ ಇದೆ, ಹುಡುಕಿ.

ದುಡ್ಡು ನಿಜವಾಗ್ಲೂ ಸುಟ್ಟಿದ್ದು ತಟ್ಟೆ ಕಟ್ ಮಾಡಿಸೋವಾಗ. ಕಾಲಿಗೆ ಎರಡು ಮೈಕ್ ಸ್ಟೀರಿಯೊ ಇಟ್ಟಿದ್ದೆ, ಹಿಮ್ಮಡಿಯ ತಗ್ಗು ಸದ್ದು ಎಡ ಬಲ ಉಲ್ಟಾ ಫೇಸ್‌ಲ್ಲಿ (ಒಂದರ ಅಲೆ ಏರಿದಾಗ ಇನ್ನೊಂದರದ್ದು ಇಳಿಯೋ ಹಂಗೆ) ಸೇರಿತ್ತು, ಹಿಂಗಿದ್ರೆ ಗ್ರೂವ್ (ತಟ್ಟೆ ಮೇಲಿನ ಗೆರೆ) ಆಳ ಏರುಪೇರಾಗಿ ಸೂಜಿ ಹಾರತ್ತೆ ಅಂತ ಕಟ್ ಮಾಡೋರು ಸ್ಟೀರಿಯೊನ ಅಮುಕಿಬಿಟ್ರು, ಪರೀಕ್ಷೆಗೆ ಅಂತ ಒತ್ತಿದ ತಟ್ಟೆ ಬಂದಾಗ ಕಾಲೇ ಮಾಯ. ಅದೂ ಅಲ್ದೆ ಒಂದು ಸೈಡಿಗೆ 24 ನಿಮಿಷ ತುರುಕಿದ್ದೆ, ವಾಲ್ಯೂಮ್ ಬಿದ್ದೋಗಿತ್ತು, ಕೊನೇ ಹಾಡಲ್ಲಿ ಲೇಬಲ್ ಹತ್ರ ಚಪ್ಪಾಳೆ ಪೇಪರ್ ಹರಿದಂಗೆ ಕೇಳ್ತಿತ್ತು. ಎರಡನೇ ಲ್ಯಾಕರ್‌ಗೆ (ಗ್ರೂವ್ ಕೊರೆಯೋ ಮೂಲ ತಟ್ಟೆಗೆ) ಮತ್ತೆ ಸುಮಾರು 500 ಯೂರೋ. ಈ ಸಲ ಕಾಲಿಗೆ ಒಂದೇ ಮೈಕ್, 150 ಹರ್ಟ್ಸ್ ಕೆಳಗಿನ ತಗ್ಗು ಸದ್ದೆಲ್ಲಾ ಮೋನೊ (ಎಡ ಬಲ ಒಂದೇ), ಸೈಡಿಗೆ 19 ನಿಮಿಷ, ಬುಲೇರಿಯಾ ಹೊರಗಿನ ಅಂಚಲ್ಲಿ ಮೊದಲನೇ ಹಾಡು, ಒಳಗಿನ ಅಂಚಿಗೆ ಸೊಲೆಯಾ ಅನ್ನೋ ನಿಧಾನದ ಫ್ಲಮೆಂಕೊ ಪ್ರಕಾರ, ಚಪ್ಪಾಳೆ ಇಲ್ಲದ್ದು.

ಒಟ್ಟು ಖರ್ಚು 6,500 ಯೂರೋ ಆಸುಪಾಸು, 300 ತಟ್ಟೆ ಮಾಡಿಸಿದ್ವಿ, 22ರಂತೆ 210 ಮಾರಾಟ ಆಗಿವೆ. ಪೂರ್ತಿ ವಾಪಸ್ ಬಂದಿಲ್ಲ. ಆದ್ರೆ ನಮ್ಮ ಬೀದಿಲಿ ಒಬ್ರು ಅಜ್ಜ ಇದ್ದಾರೆ, ನಲವತ್ತು ವರ್ಷ ಚಪ್ಪಾಳೆ ಹೊಡೆದೇ ಹೊಟ್ಟೆ ಹೊರೆದೋರು, ಅವರ ಮನೇಲಿ ತಟ್ಟೆ ಹಾಕ್ದೆ. ಮೊದಲರ್ಧ ಸುಮ್ನೆ ಕೂತಿದ್ರು. ಡ್ರಮ್ಸ್ ಬಂದಾಗ ಅಂಗೈ ಗುಳಿ ಮಾಡ್ಕೊಂಡು ಮೆಲ್ಲಗೆ ತಟ್ಟೋಕೆ ಶುರು ಮಾಡಿದ್ರು, ಎರಡು ಸುತ್ತಾದ್ಮೇಲೆ ಒತ್ತು ಬಿಟ್ಟು ಎರಡು ಒತ್ತಿನ ನಡುವಿನ ಸಂದಿಯಲ್ಲಿ ತಟ್ಟೋಕೆ ಹೋದ್ರು. ಕಂಪಾಸ್ (ತಾಳದ ಸುತ್ತು) ಗಟ್ಟಿ ಇಲ್ದಿದ್ರೆ ಅವ್ರು ಸಂದಿಗೆ ಹೋಗೋರಲ್ಲ.

ಈಗ ಸೆಗಿರಿಯಾ ಅನ್ನೋ ಇನ್ನೊಂದು ಫ್ಲಮೆಂಕೊ ಪ್ರಕಾರ ಹಿಡಿದಿದ್ದೀವಿ. ಎರಡು ಎರಡು ಮೂರು ಮೂರು ಎರಡು, ಅದೇ 12, ಶುರು ಮಾಡೋ ಜಾಗ ಬೇರೆ. ನಿನ್ನೆ ರಾತ್ರಿ ಡ್ರಮ್ಮರ್ ವಾಯ್ಸ್ ಮೆಸೇಜ್ ಕಳಿಸಿದ್ದ, ನಾನು ಹೇಳಿಕೊಡದೇನೇ: ತಕ ತಕ ತಕಿಟ ತಕಿಟ ತಕ.