ಚಕ್ರ ಬದಲಿಸುವಾಗ ಗಾಳಿಯೊತ್ತಡದ ಸೆನ್ಸರ್‌ಗಳು: ನನ್ನ ಅನುಭವ

ಮಿಷಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುವುದರಿಂದ ನನ್ನ 2012ರ ಟೊಯೊಟಾ ಕ್ಯಾಮ್ರಿಯ ಅಲಾಯ್ ಚಕ್ರಗಳು, ಟೈರಿನ ಅಂಚು ಕೂರುವ ಜಾಗದಲ್ಲೇ ಸವೆದು, ನಿಧಾನವಾಗಿ ಗಾಳಿ ಬಿಡತೊಡಗಿದ್ದವು. ಬೇಸಿಗೆಗೆ ಹೊಸ ಅಲಾಯ್ ಚಕ್ರಗಳನ್ನೂ ಹಿಮದ ಟೈರ್‌ಗಳಿಗೆಂದು ಬೇರೆ ಉಕ್ಕಿನ ಚಕ್ರಗಳನ್ನೂ ಕೊಂಡೆ. ಹಾಗೆ ಕೊಂಡಾಗ ಎದುರಾಗುವ ಮೊದಲ ಪ್ರಶ್ನೆಯೇ ಚಕ್ರದೊಳಗೆ ಕೂತು ಗಾಳಿಯೊತ್ತಡ ಅಳೆಯುವ ಸೆನ್ಸರ್‌ಗಳದು, ಏಕೆಂದರೆ ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ ತಯಾರಾಗುವ ಎಲ್ಲ ಹೊಸ ಕಾರುಗಳಲ್ಲೂ ಟೈರಿನ ಒತ್ತಡ ಶೇ 25ರಷ್ಟು ಕುಸಿದರೆ ಎಚ್ಚರಿಸುವ ಟಿಪಿಎಂಎಸ್ ವ್ಯವಸ್ಥೆ ಕಡ್ಡಾಯ.

ಈ ಕೆಲಸದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಸೆನ್ಸರನ್ನು ಒಂದು ರಿಮ್ಮಿನಿಂದ ಇನ್ನೊಂದಕ್ಕೆ ಕೂಡಿಸುವುದು ಕೈಕೆಲಸ. ಅದರ ಗುರುತಿನ ಸಂಖ್ಯೆಯನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವುದು ಇನ್ನೊಂದು ಕೆಲಸ. ಅದೇ ಕಾರಿನ ಅದೇ ಸೆನ್ಸರ್‌ಗಳನ್ನು ಹೊಸ ರಿಮ್ಮಿಗೆ ಹಾಕಿದಾಗ ಗುರುತು ಬದಲಾಗುವುದಿಲ್ಲವಾದ್ದರಿಂದ ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕಾದ್ದು ಏನೂ ಇರುವುದಿಲ್ಲ. ಯಾವ ಚಕ್ರದಲ್ಲಿ ಎಷ್ಟು ಒತ್ತಡವಿದೆ ಎಂದು ಬಿಡಿಬಿಡಿಯಾಗಿ ತೋರಿಸುವ ಕಾರುಗಳಲ್ಲಿ ಮಾತ್ರ ಚಕ್ರಗಳ ಸ್ಥಾನವನ್ನು ಮತ್ತೆ ಗುರುತಿಸಬೇಕಾದೀತು. ನನ್ನದರಲ್ಲಿರುವುದು ಒಂದೇ ಎಚ್ಚರಿಕೆಯ ದೀಪ. ಆದ್ದರಿಂದ ಬೇಸಿಗೆಯ ಚಕ್ರಗಳಿಗೆ ಮೂಲ ಸೆನ್ಸರ್‌ಗಳನ್ನೇ ಸ್ಥಳಾಂತರಿಸಲು ನಿರ್ಧರಿಸಿದೆ.

ಗೆಳೆಯರೊಬ್ಬರ ಗ್ಯಾರೇಜಿನಲ್ಲಿ ಟೈರ್ ಕಳಚುವ ಯಂತ್ರವಿತ್ತು. ಸೆನ್ಸರ್ ಇರುವುದು ವಾಲ್ವಿನ ಬುಡದಲ್ಲಿ, ರಿಮ್ಮಿನ ಒಳಗೆ. ಟೈರಿನ ಅಂಚನ್ನು ಒತ್ತಿ ಬಿಡಿಸುವಾಗ ಯಂತ್ರದ ಅಲಗು ಅದರ ಮೇಲೆ ಬಿದ್ದರೆ ಪ್ಲಾಸ್ಟಿಕ್ ಪೆಟ್ಟಿಗೆ ಒಡೆಯುತ್ತದೆ. ಅದಕ್ಕಾಗಿ ಮೊದಲು ವಾಲ್ವಿನ ಪಿನ್ ಬಿಚ್ಚಿ ಗಾಳಿಯನ್ನೆಲ್ಲ ಹೊರಬಿಟ್ಟು, ಹೊರಗಿನ ನಟ್ ಮತ್ತು ವಾಷರ್ ತೆಗೆದು, ಸೆನ್ಸರನ್ನು ವಾಲ್ವಿನ ಸಮೇತ ಮೆಲ್ಲಗೆ ಟೈರಿನ ಒಳಗೇ ಬೀಳಿಸಿದೆ. ಬಳಿಕ ಮೇಲಿನ ಅಂಚನ್ನು ಬಿಡಿಸಿ, ಕೈ ಹಾಕಿ ಅದನ್ನು ಹೊರತೆಗೆದೆ. ಅಲ್ಯೂಮಿನಿಯಂ ವಾಲ್ವಿನ ಸೆನ್ಸರ್‌ಗಳಿಗೆ ಇದಕ್ಕಿಂತ ಸುರಕ್ಷಿತ ವಿಧಾನ ನನಗೆ ಕಂಡಿಲ್ಲ.

ಹಳೆಯ ರಬ್ಬರ್ ಬುಷ್, ವಾಷರ್, ನಟ್, ಪಿನ್ ಯಾವುದನ್ನೂ ಮತ್ತೆ ಬಳಸಲಿಲ್ಲ; ಇವೆಲ್ಲ ಸರ್ವಿಸ್ ಕಿಟ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಪಿನ್ ಮಾತ್ರ ನಿಕ್ಕಲ್ ಲೇಪನದ್ದೇ ಆಗಿರಬೇಕು, ಏಕೆಂದರೆ ಸಾದಾ ಹಿತ್ತಾಳೆಯ ಪಿನ್ ಅಲ್ಯೂಮಿನಿಯಂ ವಾಲ್ವಿನೊಳಗೆ ಉಪ್ಪುನೀರಿನ ದೆಸೆಯಿಂದ ತುಕ್ಕು ಕಟ್ಟಿ ಕಚ್ಚಿಕೊಳ್ಳುತ್ತದೆ. ವಾಲ್ವಿನ ನಟ್ಟಿಗೆ ಬೇಕಾದ ಬಿಗಿ ಕೇವಲ 4 ನ್ಯೂಟನ್ ಮೀಟರ್. ಚಕ್ರದ ನಟ್ಟಿಗೆ 103. ಅಂದಾಜಿನಲ್ಲಿ ಸ್ಪ್ಯಾನರ್ ತಿರುಗಿಸಿದರೆ ವಾಲ್ವಿನ ಕಾಂಡವೇ ಮುರಿಯುವಷ್ಟು ಕಡಿಮೆ ಬಿಗಿ ಅದು, ಹಾಗಾಗಿ ಬಿಗಿಯನ್ನು ಅಳೆದು ತಿರುಗಿಸುವ ಸಣ್ಣ ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದೆಂದು ನನ್ನ ಖಚಿತ ಅಭಿಪ್ರಾಯ.

ಹಿಮದ ಚಕ್ರಗಳ ವಿಚಾರ ಬೇರೆ. ನನ್ನ ಕಾರಿನ ಕಂಪ್ಯೂಟರ್ ನೆನಪಿಡುವುದು ಒಂದು ಸೆಟ್ ಸೆನ್ಸರ್‌ಗಳನ್ನಷ್ಟೇ. ಎರಡನೆಯ ಸೆಟ್ಟಿಗೆ ಬೇರೆ ಗುರುತುಗಳಿದ್ದರೆ ಪ್ರತಿ ನವೆಂಬರ್‌ನಲ್ಲೂ ಪ್ರತಿ ಏಪ್ರಿಲ್‌ನಲ್ಲೂ ಕಾರಿನ ಕಂಪ್ಯೂಟರನ್ನು ತಲುಪುವ ಓಬಿಡಿ ಪೋರ್ಟಿಗೆ ಉಪಕರಣ ಜೋಡಿಸಿ ಅವನ್ನು ಬರೆಯಬೇಕು. ಅದರ ಬದಲು, ಬೇಕಾದ ಗುರುತನ್ನು ಬರೆಯಬಹುದಾದ ಖಾಲಿ ಸೆನ್ಸರ್‌ಗಳನ್ನು ಕೊಂಡು, ಮೂಲ ಸೆನ್ಸರ್‌ಗಳ ಗುರುತುಗಳನ್ನೇ ಅವಕ್ಕೆ ನಕಲು ಮಾಡಿದೆ. ಕೈಯಲ್ಲಿ ಹಿಡಿಯುವ ಟಿಪಿಎಂಎಸ್ ಉಪಕರಣವನ್ನು ವಾಲ್ವಿನ ಪಕ್ಕದಲ್ಲಿ ಟೈರಿಗೆ ತಾಗಿಸಿ ಗುಂಡಿ ಒತ್ತಿದರೆ ಅದು 125 ಕಿಲೋಹರ್ಟ್ಸ್‌ನ ಸಂಕೇತದಿಂದ ಮಲಗಿದ್ದ ಸೆನ್ಸರನ್ನು ಎಬ್ಬಿಸುತ್ತದೆ. ಸೆನ್ಸರ್ ತನ್ನ ಗುರುತು, ಒತ್ತಡ, ಉಷ್ಣತೆ, ಬ್ಯಾಟರಿಯ ಸ್ಥಿತಿಗಳನ್ನು ಮರುನುಡಿಯುತ್ತದೆ. ಒಂದಕ್ಕೆ ಬರೆಯುವಾಗ ಉಳಿದವನ್ನು ದೂರವಿಟ್ಟೆ, ಇಲ್ಲವಾದರೆ ಪಕ್ಕದ್ದೂ ಎಚ್ಚೆತ್ತು ಗೊಂದಲವಾಗುತ್ತದೆ. ಕೊಳ್ಳುವ ಮುನ್ನ ಸೆನ್ಸರಿನ ರೇಡಿಯೋ ಆವರ್ತನವನ್ನೂ ನೋಡಿಕೊಳ್ಳಬೇಕು: ನನ್ನ ಕಾರಿನದು 315 ಮೆಗಾಹರ್ಟ್ಸ್, ಯುರೋಪಿನಲ್ಲಿ ಮಾರುವ ಕಾರುಗಳದು 433. ಆನ್‌ಲೈನ್‌ನಲ್ಲಿ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ.

ಮೂಲದ್ದೊಂದರ ಬ್ಯಾಟರಿ ಕ್ಷೀಣವಾಗಿದೆಯೆಂದು ಉಪಕರಣ ತೋರಿಸಿತು. ಬ್ಯಾಟರಿ ಒಳಗೇ ಮುಚ್ಚಿರುವುದರಿಂದ ಅದನ್ನು ಬದಲಿಸಲಾಗದು. ಅದು ಸಾಯುವ ಮೊದಲೇ ಗುರುತನ್ನು ಓದಿಕೊಂಡು ಇನ್ನೊಂದು ಖಾಲಿ ಸೆನ್ಸರಿಗೆ ಬರೆದು ಬೇಸಿಗೆಯ ಚಕ್ರಕ್ಕೆ ಹಾಕಿದೆ. ನಾಲ್ಕೂ ಗುರುತುಗಳನ್ನು ಬರೆದ ಚೀಟಿಯನ್ನು ಕಾರಿನ ದಾಖಲೆಗಳ ಜೊತೆ ಇಟ್ಟಿದ್ದೇನೆ. ಸೆನ್ಸರ್ ಪೂರ್ತಿ ಸತ್ತ ಮೇಲೆ ಅದನ್ನು ಹೊರಗಿನಿಂದ ಓದುವ ದಾರಿಯಿಲ್ಲ.

ಎಲ್ಲ ಕಾರುಗಳಿಗೂ ಇದೇ ಕ್ರಮವಲ್ಲ. ನೆರೆಯವರ ಷೆವರ್ಲೆಗೆ ಹೊಸ ಸೆನ್ಸರ್ ಹಾಕಿದಾಗ ನಕಲಿನ ಅಗತ್ಯವೇ ಬೀಳಲಿಲ್ಲ. ಕಾರನ್ನು ಕಲಿಕೆಯ ಸ್ಥಿತಿಗೆ ತಂದು, ಎಡ ಮುಂದಿನ ಚಕ್ರದಿಂದ ಶುರುಮಾಡಿ ಬಲ ಮುಂದಿನದು, ಬಲ ಹಿಂದಿನದು, ಎಡ ಹಿಂದಿನದು ಎಂಬ ಕ್ರಮದಲ್ಲಿ ಉಪಕರಣ ಹಿಡಿಯುತ್ತ ಬಂದರೆ ಪ್ರತಿ ಸಲವೂ ಹಾರ್ನ್ ಬಡಿದು ಒಪ್ಪಿಗೆ ಸೂಚಿಸುತ್ತದೆ.

ಕಡೆಗೆ ಉಳಿಯುವುದು ರೀಸೆಟ್ ಗುಂಡಿ. ದೀಪ ಮೂರು ಸಲ ನಿಧಾನವಾಗಿ ಮಿನುಗುವವರೆಗೆ ಅದನ್ನು ಒತ್ತಿ ಹಿಡಿದರೆ ಆಗಿನ ಒತ್ತಡವನ್ನೇ ಕಾರು ಸರಿಯಾದದ್ದೆಂದು ನಂಬುತ್ತದೆ. ಗಾಳಿ ಕಡಿಮೆಯಿದ್ದಾಗ ದೀಪ ಆರಿಸಲೆಂದು ಅದನ್ನು ಒತ್ತುವವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಎಚ್ಚರಿಕೆಯ ಮಟ್ಟವೂ ಕೆಳಗಿಳಿದು ಇಡೀ ವ್ಯವಸ್ಥೆಯೇ ನಿರರ್ಥಕವಾಗುತ್ತದೆ. ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗಲೆಲ್ಲ ಸುಮಾರು 1 ಪಿಎಸ್‌ಐ ಒತ್ತಡ ಇಳಿಯುವುದರಿಂದ, ಕಾರನ್ನು ರಾತ್ರಿಯಿಡೀ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿರುವಷ್ಟು ಗಾಳಿ ತುಂಬಿಸಿ, ಆಮೇಲೆಯೇ ಗುಂಡಿ ಒತ್ತಿದೆ. ದೀಪ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಿನುಗಿ ನಂತರ ಸ್ಥಿರವಾಗಿ ಉರಿದರೆ ಅದು ಗಾಳಿಯ ದೂರಲ್ಲ, ಸೆನ್ಸರ್ ಕಾರಿಗೆ ಕೇಳಿಸುತ್ತಿಲ್ಲವೆಂಬ ಸೂಚನೆ. ನನ್ನ ಕಾರಿನಲ್ಲಿ ಹಾಗಾಗಲಿಲ್ಲ. ಸ್ವಲ್ಪ ದೂರ ಓಡಿಸಿದ ಬಳಿಕ ಚಕ್ರದ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿದೆ.