ಫ್ಲೈವೀಲ್, ಕ್ಲಚ್ ಕೂರಿಸುವಾಗ ನಾನು ಬಿಡದೆ ಮಾಡುವ ಕೆಲಸಗಳು

ಗೇರ್‌ಬಾಕ್ಸ್ ಇಳಿಸಿದ ಮೇಲೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಒಣಬಟ್ಟೆ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಚೂರು ತುಕ್ಕು ಉಳಿದರೂ ಅಲ್ಲಿಗೆ ಬಿಗಿಯುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಓರೆಯಾಗಿ ಕೂರುತ್ತದೆ. ಅಲ್ಲಿನ ಆಯಿಲ್ ಸೀಲ್ ಒಸರುತ್ತಿದ್ದರೆ ಈಗಲೇ ಬದಲಾಯಿಸಿ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಎಣ್ಣೆ ಕುಡಿದರೆ ಜಾರುತ್ತದೆ.

ಫ್ಲೈವೀಲಿಗೆ ಹೊಸ ಬೋಲ್ಟುಗಳನ್ನೇ ಹಾಕಿ. ಹಲವು ಕಾರುಗಳಲ್ಲಿ ಅವು ಒಮ್ಮೆ ಬಿಗಿದರೆ ಹಿಗ್ಗುವಂಥವು. ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಕೈಪಿಡಿ ಹೇಳಿದ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಅಂದಾಜಿನ ಬಿಗಿತವನ್ನು ಇಲ್ಲಿ ನಾನು ಒಪ್ಪುವುದೇ ಇಲ್ಲ: ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಭಾರದ ಚಕ್ರ ಅದು.

ಆಮೇಲೆ ಅದರ ಮುಖವನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಬೆರಳು ತಾಗಿಸಬೇಡಿ. ಕ್ಲಚ್ ಪ್ಲೇಟಿನಲ್ಲಿ ‘ಫ್ಲೈವೀಲ್ ಸೈಡ್’ ಎಂದಿರುವ ಬದಿ ಫ್ಲೈವೀಲಿನ ಕಡೆಗೇ ಇರಬೇಕು. ಈ ಗುರುತು ನೋಡದೆ ಹಿಂದುಮುಂದಾಗಿ ಕೂರಿಸಿ, ಮರುದಿನವಿಡೀ ಗೇರ್‌ಬಾಕ್ಸನ್ನು ಮತ್ತೆ ಇಳಿಸಿದ್ದೇನೆ. ಅಲೈನ್‌ಮೆಂಟ್ ಟೂಲ್ ತೂರಿಸಿ ಪ್ಲೇಟನ್ನು ನಟ್ಟನಡುವೆ ನಿಲ್ಲಿಸಿ, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಸರದಿಯಂತೆ ಅರ್ಧರ್ಧ ಸುತ್ತು ಬಿಗಿಯುತ್ತಾ ಹೋಗಿ. ಗೇರ್‌ಬಾಕ್ಸಿನ ಶಾಫ್ಟಿನಲ್ಲಿ ಪ್ಲೇಟ್ ಕೂರುವ ಹಲ್ಲುಗಳಿಗೆ, ಅಂದರೆ ಸ್ಪ್ಲೈನಿಗೆ, ಗ್ರೀಸ್ ತೆಳುವಾಗಿ ಸವರಿದರೆ ಸಾಕು.

ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಶಾಫ್ಟಿನ ಮೇಲೆ ತೂಗದಂತೆ ಕೆಳಗೆ ಜಾಕ್ ಕೊಡಿ. ಕಾರು ಮಾತ್ರ ಗಟ್ಟಿ ಸ್ಟ್ಯಾಂಡುಗಳ ಮೇಲೆಯೇ ನಿಂತಿರಲಿ.